ಜಂತುಹುಳದ ಸಾಹೇಬನೂ ರೇಷ್ಮೆಹುಳದ ಅಜ್ಜಿಯೂ

ಕಂಡಕಂಡ ಮಕ್ಕಳ ಹೊಟ್ಟೆಯಲ್ಲಿ ಏನಿದೆ ಎಂದು ವಿಚಾರಿಸುತ್ತ ಊರೂರು ಸುತ್ತುವವನಿಗೆ ಮರ್ಯಾದೆ ಉಳಿಯುವುದು ಕಷ್ಟ. ನನ್ನ ಸರ್ವಿಸ್ಸಿನಲ್ಲಿ ಅದು ವಾರಕ್ಕೆ ಆರು ಸಲ ಹೋಗುತ್ತಿತ್ತು. ಏಳನೇ ದಿನ ಭಾನುವಾರ, ಆಫೀಸಿಗೆ ರಜ.

ನಾನು ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದೆ. ಊರು ಯಳಂದೂರು. ಕೊಳ್ಳೇಗಾಲದ ಸೀಮೆ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿ ನಾಲ್ಕೈದು ವರ್ಷವಾಗಿತ್ತು. ಆಫೀಸಿನ ಬೀರುವಿನಲ್ಲಿದ್ದ ಹಳೇ ರಿಜಿಸ್ಟರುಗಳು ಇನ್ನೂ ತಮಿಳಿನಲ್ಲೇ ಮಾತಾಡುತ್ತಿದ್ದವು. ಆಗ ನನ್ನನ್ನು ಹನೂರಿಗೆ ಹಾಕಿದರು. ಕೆಲಸ ಇಷ್ಟೆ: ಸುತ್ತಲಿನ ಶಾಲೆಗಳಿಗೆ ಸೈಕಲ್ಲಿನಲ್ಲಿ ಹೋಗಿ, ಮಕ್ಕಳ ಹೊಟ್ಟೆಯಲ್ಲಿ ಜಂತುಹುಳ ಇದೆಯೇ ನೋಡಿ, ಇದ್ದರೆ ಮದ್ದು ಕುಡಿಸಿ, ಹುಳ ಹೊರಗೆ ಹಾಕಿಸುವುದು.

ಆ ಊರುಗಳಲ್ಲಿ ಮನೆಮನೆಯಲ್ಲೂ ರೇಷ್ಮೆ ಸಾಕುತ್ತಿದ್ದರು. ಮನುಷ್ಯರು ಪಡಸಾಲೆಯಲ್ಲಿ ಮಲಗುತ್ತಿದ್ದರು, ಹುಳಗಳು ಒಳಮನೆಯಲ್ಲಿ. ಹುಳಕ್ಕೆ ಊಟವಾದ ಮೇಲೆ ಮನೆಯವರಿಗೆ ಊಟ. ಹುಳವನ್ನು ನಂಬಿ ಬದುಕುವ ಊರಿಗೆ ಹುಳ ಕೊಲ್ಲುವ ನೌಕರಿಯ ಮೇಲೆ ನನ್ನನ್ನು ಕಳಿಸುವಾಗ ಮೇಲಿನವರು ಏನು ಯೋಚಿಸಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದೆ ಹೇಳುವುದೆಲ್ಲ ಕಾಮಗೆರೆಗೂ ಹನೂರಿಗೂ ನಡುವಿನ ಒಂದು ಊರಿನಲ್ಲಿ, ಒಂದೇ ವರ್ಷದಲ್ಲಿ ನಡೆದದ್ದು.

ಸೋಮಾರಿಗಳ ಪಟ್ಟಿ

ಆ ಊರಿನ ಶಾಲೆಗೆ ಮೊದಲ ಸಲ ಹೋದಾಗ ಹೆಡ್‌ಮೇಷ್ಟ್ರು ನನ್ನನ್ನು ಬಹಳ ಆದರದಿಂದ ಬರಮಾಡಿಕೊಂಡರು. ಒಬ್ಬರೇ ಮೇಷ್ಟ್ರು, ನಾಲ್ಕು ಕ್ಲಾಸು, ಒಂದು ಕೋಣೆ. ಕುರ್ಚಿ ಒರೆಸಿ ಕೂರಿಸಿ, "ನಮ್ಮಲ್ಲಿ ಹುಳದ ತೊಂದರೆ ಏನೂ ಇಲ್ಲ ಸಾ. ಇರೋದೆಲ್ಲ ಸೋಮಾರಿತನದ ತೊಂದರೆ," ಎಂದರು.

"ಎಷ್ಟು ಜನ?"

"ಹನ್ನೊಂದು. ಲಿಸ್ಟ್ ಮಡಗಿದ್ದೀನಿ."

ನಿಜಕ್ಕೂ ಗೋಡೆಗೆ ಪಟ್ಟಿ ಅಂಟಿಸಿದ್ದರು. ಪಾಠದ ನಡುವೆ ತೂಕಡಿಸುವವರು, ಓಟದಲ್ಲಿ ಅರ್ಧಕ್ಕೇ ಕೂರುವವರು, ಎದ್ದು ನಿಲ್ಲು ಎಂದರೆ ಗೋಡೆ ಹಿಡಿದುಕೊಂಡು ಏಳುವವರು, ಎಲ್ಲರ ಹೆಸರೂ ಚೆಂದದ ಅಕ್ಷರದಲ್ಲಿತ್ತು. ಪಟ್ಟಿಯಲ್ಲಿ ಮೊದಲ ಹೆಸರು ನಾಲ್ಕನೇ ಕ್ಲಾಸಿನ ಒಂದು ಹುಡುಗಿಯದು. ಆಗಲೂ ಆಕೆ ಮಂಡಿಯ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಳು.

ಎಬ್ಬಿಸಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಗೆ ಇರಬೇಕಾದ ಜಾಗ ಸುಣ್ಣದ ಹಾಗಿತ್ತು. ಕಾಲಿನ ಮೇಲೆ ಬೆರಳೊತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಿತು. ಪಟ್ಟಿಯಲ್ಲಿದ್ದ ಉಳಿದ ಹತ್ತು ಜನರನ್ನೂ ಕರೆಸಿ ನೋಡಿದೆ. ಎಲ್ಲರದೂ ಅದೇ ಕಥೆ, ಆದರೆ ಯಾರದೂ ಅವಳಷ್ಟು ಕೆಟ್ಟಿರಲಿಲ್ಲ. ಕೊಕ್ಕೆಹುಳ ಕರುಳಿಗೆ ಕಚ್ಚಿಕೊಂಡು ರಕ್ತ ಕುಡಿಯುತ್ತಿದೆ ಎಂದು ಹೇಳಲು ಮೈಕ್ರೋಸ್ಕೋಪು ಬೇಕಿರಲಿಲ್ಲ. ಮೇಷ್ಟ್ರ ಪಟ್ಟಿಯೇ ಸಾಕಿತ್ತು.

"ಮೇಷ್ಟ್ರೇ, ಇವರು ಸೋಮಾರಿಗಳಲ್ಲ. ಇವರಿಗೆ ರಕ್ತ ಇಲ್ಲ. ಈ ಹುಡುಗಿಗಂತೂ ಬೇಗ ಮದ್ದು ಬೀಳದಿದ್ದರೆ ಉಳಿಯೋದು ಕಷ್ಟ," ಎಂದೆ.

ಮೇಷ್ಟ್ರ ಮುಖ ಸಣ್ಣದಾಯಿತು. ಪಟ್ಟಿ ಕಿತ್ತು ಮಡಚಿ ಜೇಬಿಗಿಟ್ಟುಕೊಂಡರು. ನನ್ನನ್ನು ಸೈಕಲ್ಲಿನ ತನಕ ಬಿಡಲು ಬಂದವರು ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದರು:

"ಸಾ, ಮಧ್ಯಾಹ್ನ ಎರಡು ಗಂಟೆಯಾದ್ರೆ ನಂಗೂ ಕಣ್ಣು ಎಳೀತದೆ. ಅದೂ ಹುಳವೇ ಅಂತ ಬರವಣಿಗೇಲಿ ಕೊಡಕಾಯ್ತದಾ? ಇನ್‌ಸ್ಪೆಕ್ಷನ್‌ಗೆ ಬಂದೋರು ಕೇಳ್ತಾರೆ."

ನಲವತ್ತೊಂದು ಬೆಂಕಿಪೊಟ್ಟಣ

ಮೈಕ್ರೋಸ್ಕೋಪು ಬೇಡವೆಂದು ನಾನು ಹೇಳಿದರೆ ನಡೆಯುವುದಿಲ್ಲ, ಸರ್ಕಾರಕ್ಕೆ ಬೇಕಿತ್ತು. ಅದು ಇದ್ದದ್ದು ಕೊಳ್ಳೇಗಾಲದ ಡಾಕ್ಟರ ಹತ್ತಿರ. ಹಾಗಾಗಿ ಮಕ್ಕಳಿಗೆಲ್ಲ ಒಂದೊಂದು ಖಾಲಿ ಬೆಂಕಿಪೊಟ್ಟಣ ಕೊಟ್ಟು, ನಾಳೆ ಬೆಳಗ್ಗೆ ಇದರಲ್ಲಿ ಸ್ವಲ್ಪ ತನ್ನಿ ಎಂದು ಹೇಳಿದೆ. ಏನನ್ನು ಎಂದು ಬಿಡಿಸಿ ಹೇಳಬೇಕಾಗಿಲ್ಲ ಎಂದುಕೊಳ್ಳುತ್ತೇನೆ. ಮಾರನೆಯ ದಿನ ನಲವತ್ತೊಂದು ಪೊಟ್ಟಣ ಬಂದವು. ಒಂದೊಂದರ ಮೇಲೂ ಹೆಸರು ಅಂಟಿಸಿ, ಬಟ್ಟೆ ಚೀಲಕ್ಕೆ ತುಂಬಿ, ಹನೂರಿನಿಂದ ಬಂದ ಕೊಳ್ಳೇಗಾಲದ ಬಸ್ಸು ಹತ್ತಿದೆ.

ಬಸ್ಸು ತುಂಬ ಮಾದಪ್ಪನ ಬೆಟ್ಟದಿಂದ ನಡೆದು ಬಂದು ಹನೂರಿನಲ್ಲಿ ಬಸ್ಸು ಹಿಡಿದ ಪರಸೆ ಜನ. ಕೂರಲು ಜಾಗವಿಲ್ಲ. ಚೀಲವನ್ನು ಎದೆಗೆ ಅವುಚಿಕೊಂಡು ನಿಂತೆ. ಪಕ್ಕದಲ್ಲಿ ಕೂತಿದ್ದ ಒಬ್ಬ ಯಜಮಾನರು ಬೀಡಿ ತೆಗೆದು ಬಾಯಿಗಿಟ್ಟುಕೊಂಡು ಜೇಬೆಲ್ಲ ತಡಕಿದರು. ಆಮೇಲೆ ಅವರ ಕಣ್ಣು ಚೀಲದ ಬಾಯಿಯ ಮೇಲೆ ಬಿತ್ತು.

"ಸಾ, ಒಂದು ಕಡ್ಡಿ ಕೊಡಿ."

"ಇಲ್ಲ ಯಜಮಾನ್ರೇ."

"ಯಾನ ಇಲ್ಲ? ಚೀಲದ ತುಂಬ ಅವೆ."

"ಅದರಲ್ಲಿ ಕಡ್ಡಿ ಇಲ್ಲ."

"ಬೆಂಕಿಪೊಟ್ಣದಲ್ಲಿ ಕಡ್ಡಿ ಇಲ್ದೆ ಇನ್ಯಾನ ಇದ್ದದು?"

ಇದಕ್ಕೆ ಸರ್ಕಾರಿ ನೌಕರನೊಬ್ಬ ತುಂಬಿದ ಬಸ್ಸಿನಲ್ಲಿ ಏನು ಉತ್ತರ ಕೊಡಬೇಕು ಎಂದು ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ. ಚೀಲವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡೆ. ಅದೇ ತಪ್ಪಾಯಿತು. ಹಿಂದಿನ ಸೀಟಿನ ಹೆಂಗಸು, "ನೋಡಮ್ಮಿ, ಪ್ಯಾಟೇಲಿ ಮಾರಕ್ಕೆ ತಕಂಡು ಓಯ್ತಾ ಅವ್ನೆ. ಮಾದಪ್ಪನ ಪರಸೆಯೋರಿಗೆ ಒಂದು ಕಡ್ಡಿ ಕೊಡಕೆ ಕೈ ಬರಕಿಲ್ಲ," ಎಂದಳು. ಕಂಡಕ್ಟರೂ ಅವರ ಕಡೆಗೇ ಸೇರಿದ. "ಕೊಡಿ ಸಾ, ಒಂದು ಕಡ್ಡೀಲಿ ನೀವೇನು ಬಡವರಾಗಕಿಲ್ಲ," ಎಂದು ತಾನೇ ಕೈ ಹಾಕಿ ಮೇಲಿನ ಪೊಟ್ಟಣ ಎತ್ತಿ ಯಜಮಾನರಿಗೆ ಕೊಟ್ಟ.

ಯಜಮಾನರು ಬೀಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಪೊಟ್ಟಣವನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದು ಬರಲಿಲ್ಲ. ಬೆರಳಿನಿಂದ ತಳ್ಳಿ ತೆರೆದರು.

ಮುಂದಿನದನ್ನು ವಿವರಿಸುವುದಿಲ್ಲ. ಬಸ್ಸು ಕಾಮಗೆರೆಯಲ್ಲಿ ಸುಮಾರು ಹೊತ್ತು ನಿಂತಿತ್ತು. ಯಜಮಾನರು ಬಾವಿಯ ಹತ್ತಿರ ಕೈ ತೊಳೆಯುತ್ತಲೇ ಇದ್ದರು. ಅಂದಿನಿಂದ ಆ ಬಸ್ಸಿನಲ್ಲಿ ಎಷ್ಟೇ ಜನವಿರಲಿ, ಮೂರು ಜನ ಕೂರುವ ಸೀಟು ನನ್ನೊಬ್ಬನಿಗೇ ಬಿಡುತ್ತಿದ್ದರು.

ಒಬ್ಬನ ಉಪಕಾರ

ಕೊಳ್ಳೇಗಾಲದ ಡಾಕ್ಟರು ಮಾತು ಕಡಿಮೆ ಆಡುವವರು. ಎರಡು ದಿನ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತು, ಮೂರನೇ ದಿನ ನನ್ನನ್ನು ಕರೆಸಿದರು.

"ಇದರಲ್ಲಿ ಒಂಬತ್ತು ಮಕ್ಕಳು ಹಿಂದಿನ ರಾತ್ರಿ ಒಂದೇ ಎಲೆಯಲ್ಲಿ ಊಟ ಮಾಡಿದ್ದಾರಾ?"

"ಯಾಕೆ ಸಾರ್?"

"ಒಂಬತ್ತು ಪೊಟ್ಟಣದಲ್ಲೂ ಅದೇ ಹುಳದ ಮೊಟ್ಟೆ, ಅದೇ ಹುರುಳಿಕಾಳಿನ ಸಿಪ್ಪೆ. ಒಂಬತ್ತರಲ್ಲೂ ಹುರುಳಿ ಸರಿಯಾಗಿ ಬೆಂದಿಲ್ಲ."

ಶಾಲೆಗೆ ಹೋಗಿ ವಿಚಾರಿಸಿದೆ. ಪೊಟ್ಟಣ ತರದಿದ್ದವರಿಗೆ ಏಟು ಬೀಳುತ್ತದೆ ಎಂದು ಮೇಷ್ಟ್ರು ನನ್ನ ಸಹಾಯಕ್ಕೆಂದೇ ಹೆದರಿಸಿದ್ದರಂತೆ. ಹೆದರಿದ ಮಕ್ಕಳಿಗೆ ಬೆಳಗ್ಗೆ ಏನು ಮಾಡಿದರೂ ಆಗಲಿಲ್ಲ. ಮೂರನೇ ಕ್ಲಾಸಿನ ಒಬ್ಬ ದಷ್ಟಪುಷ್ಟ ಹುಡುಗ ಬೇಲಿಯ ಮರೆಯಲ್ಲಿ ಎಂಟು ಜನಕ್ಕೆ ಹಂಚಿ, ಒಂಬತ್ತನೆಯದನ್ನು ತನಗಿಟ್ಟುಕೊಂಡಿದ್ದ. ನಾನು ಗದರಿಸಿದಾಗ ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಅವ್ರು ಅಳ್ತಿದ್ರು ಸಾ," ಎಂದ.

ಮೇಷ್ಟ್ರ ಪಟ್ಟಿಯಲ್ಲಿ ಮೊದಲಿದ್ದ ಆ ಹುಡುಗಿಯ ಪೊಟ್ಟಣ ಮಾತ್ರ ಬಂದಿರಲೇ ಇಲ್ಲ. ಯಾಕೆ ಎಂದರೆ, "ಅಜ್ಜಿ ಬ್ಯಾಡ ಅಂತು," ಎಂದಳು. ಮನೆಯಲ್ಲಿ ರೇಷ್ಮೆಹುಳ ಇರುವಾಗ ಮನೆಯಿಂದ ಹೊರಗೆ ಏನನ್ನೂ ಕೊಡಬಾರದು. ನೆರೆಯವರು ಕೆಂಡ ಕೇಳಲಿ, ಸುಣ್ಣ ಕೇಳಲಿ, ಮಜ್ಜಿಗೆ ಕೇಳಲಿ, ಕೊಟ್ಟರೆ ಹುಳದ ಏಳಿಗೆಯೂ ಅದರ ಜೊತೆ ಹೋಗುತ್ತದೆ ಎಂದು ನಂಬಿಕೆ. ನನ್ನ ಪೊಟ್ಟಣಕ್ಕೂ ಅದೇ ಕಾಯಿದೆ ಅನ್ವಯವಾಗಿತ್ತು.

ಡಾಕ್ಟರಿಗೆ ಹುಡುಗಿಯ ಕಣ್ಣು, ಕಾಲು ಹೇಗಿದೆ ಎಂದು ಹೇಳಿದೆ. ಅವರು, "ಪರೀಕ್ಷೆಗೆ ಕಾಯಬೇಡ. ಮೊದಲು ದುಂಡುಹುಳಕ್ಕೆ ಸಿರಪ್ ಕುಡಿಸು, ಅದೂ ಇದ್ದೇ ಇರುತ್ತದೆ. ಆಮೇಲೆ ಕಬ್ಬಿಣದ ಮಾತ್ರೆ, ಆಮೇಲೆ ಕೊಕ್ಕೆಹುಳದ ಮದ್ದು. ಮಳೆಗಾಲ ಹಿಡಿಯುವ ಮುಂಚೆ ಆಗಬೇಕು," ಎಂದರು. ಒಂಬತ್ತು ಪೊಟ್ಟಣದ ಹುಡುಗನ ವಿಷಯ ಏನು ಮಾಡಲಿ ಎಂದು ಕೇಳಿದೆ. ಡಾಕ್ಟರು ಮೈಕ್ರೋಸ್ಕೋಪಿಗೆ ಮುಸುಕು ಹಾಕಿದರು.

"ಅವನ ಅಮ್ಮನಿಗೆ ಹೇಳು, ಹುರುಳಿ ಇನ್ನೊಂಚೂರು ಬೇಯಿಸಲಿ."

ನಡುಮಧ್ಯಾಹ್ನದ ಸ್ನಾನ

ಸಿರಪ್ಪಿನ ಬಾಟಲಿ ಚೀಲಕ್ಕಿಟ್ಟುಕೊಂಡು ಹುಡುಗಿಯ ಮನೆಗೆ ಹೋದೆ. ಅನುಕೂಲಸ್ಥರ ಮನೆ. ಅವಳ ಅಪ್ಪ, ಅಮ್ಮ ಹಿಪ್ಪುನೇರಳೆ ತೋಟದಲ್ಲಿದ್ದರು. ಬಾಗಿಲಲ್ಲಿ ಅಜ್ಜಿ ಕೂತಿದ್ದರು, ಹಣೆಯ ತುಂಬ ವಿಭೂತಿ. ಐವತ್ತು ವರ್ಷದಿಂದ ಹುಳ ಸಾಕಿದ ಕೈ. ಸುತ್ತ ಹಳ್ಳಿಯವರು ಅವರನ್ನು ಕೇಳಿಯೇ ಮೊಟ್ಟೆ ತರುತ್ತಿದ್ದರು. ನಾನು ಇನ್ನೂ ಹತ್ತು ಮಾರು ದೂರ ಇರುವಾಗಲೇ ಮೂಗಿಗೆ ಸೆರಗು ಹಿಡಿದರು.

"ಅಲ್ಲೇ ನಿಂತ್ಕಳಿ ಸಾ. ಯಾನ ಅದು ವಾಸ್ನೆ? ಉಳಕ್ಕೆ ಆಗಕಿಲ್ಲ."

ಫಿನಾಯಿಲು, ಮದ್ದಿನೆಣ್ಣೆ ಎಲ್ಲ ಸೇರಿದ ವಾಸನೆ. ನನಗೆ ಎಂದೋ ಒಗ್ಗಿಹೋಗಿತ್ತು. ಅಜ್ಜಿ ನನ್ನ ಚೀಲವನ್ನು ಬೀದಿಯಾಚೆಯ ಹುಣಸೆಮರಕ್ಕೆ ನೇತುಹಾಕಿಸಿದರು. ಸಾಲದು ಎಂದರು. ಶರಟು ತೆಗೆಸಿದರು. ಸಾಲದು ಎಂದರು. ಕಡೆಗೆ ಹಿತ್ತಲ ಬಾವಿಯ ಹತ್ತಿರ ನನಗೆ ಸೀಗೆಪುಡಿ ಕೊಟ್ಟು ತಲೆಗೆ ಸ್ನಾನ ಮಾಡಿಸಿದರು. ಮಗನ ಪಂಚೆ ಕೊಟ್ಟರು. ಆಮೇಲೆ ಹತ್ತಿರ ಕರೆದು, ಸುತ್ತ ಒಂದು ಸಲ ಮೂಸಿ, ಜಗಲಿಯ ಮೇಲೆ ಕೂರಲು ಅಪ್ಪಣೆ ಕೊಟ್ಟರು. ಒದ್ದೆ ತಲೆಯಲ್ಲಿ, ಇನ್ನೊಬ್ಬರ ಪಂಚೆಯಲ್ಲಿ ಕೂತು ನಾನು ಆ ಮನೆಯ ನೈರ್ಮಲ್ಯದ ಬಗ್ಗೆ ಪ್ರಶ್ನೆ ಕೇಳಿದೆ.

ಕೊಕ್ಕೆಹುಳದ ವಿಚಾರ ವಿವರಿಸಿದೆ. ಒದ್ದೆ ಮಣ್ಣಿನಲ್ಲಿ ಅದರ ಮರಿ ಇರುತ್ತದೆ, ಬರಿಗಾಲಲ್ಲಿ ನಡೆದರೆ ಅಂಗಾಲಿನಿಂದ ಮೈಯೊಳಗೆ ಹೋಗುತ್ತದೆ, ಅಲ್ಲಿಂದ ಹೊಟ್ಟೆಗೆ ಎಂದೆ. ಅಜ್ಜಿ ತಾಳ್ಮೆಯಿಂದ ಕೇಳಿದರು.

"ಉಳಕ್ಕೆ ನಾನು ಐವತ್ತು ವರ್ಸದಿಂದ ಸೊಪ್ಪಾಕ್ತಿವ್ನಿ ಸಾ. ಉಳ ಬಾಯಿಂದ ತಿಂತದೆ, ನಾವೂ ಬಾಯಿಂದ ತಿಂತೀವಿ. ಕಾಲಿಂದ ಒಟ್ಟೆಗೆ ಓಗಕೆ ಕಾಲಲ್ಲಿ ಬಾಯಿದ್ದದಾ?"

ಸರಿ, ಅದು ಬಿಡಿ, ಈ ಮದ್ದಾದರೂ ಕುಡಿಸಿ ಎಂದು ಕೈ ಮುಗಿದೆ. ಅಜ್ಜಿ ಒಪ್ಪಲಿಲ್ಲ. ಹುಳ ಸಾಯುವ ಮದ್ದು ಕುಡಿದ ಕೂಸು ಅದೇ ಉಸಿರು ಬಿಡುತ್ತದೆ, ಅದೇ ಕೈಯಲ್ಲಿ ಸೊಪ್ಪು ಹೆಚ್ಚುತ್ತದೆ, ಒಳಮನೆಯ ಹುಳವೆಲ್ಲ ಸತ್ತು ಮಲಗಿಬಿಡುತ್ತವೆ. ಸೊಪ್ಪು ಹೆಚ್ಚುವುದು ಆ ಹುಡುಗಿಯ ಕೆಲಸವೇ. "ಗೂಡು ಬಿಡಿಸಿ ಮಾರಿದ್ ಮ್ಯಾಲೆ ಬನ್ನಿ, ಕುಡಿಸವಾ," ಎಂದರು.

ಗೂಡು ಮಾರಿದ ದಿನ ಹೋದೆ. ಹೊಸ ಮೊಟ್ಟೆ ಬಂದಿತ್ತು. ಅವು ಗೂಡು ಕಟ್ಟಿದ ಮೇಲೆ ಹೋದೆ. ಮತ್ತೆ ಮೊಟ್ಟೆ. ಆ ಮನೆಯಲ್ಲಿ ವರ್ಷಕ್ಕೆ ಎಂಟು ಬೆಳೆ ತೆಗೆಯುತ್ತಿದ್ದರು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ದಿನವೂ ಬಿಡುವಿರಲಿಲ್ಲ. ಹೋದಾಗೆಲ್ಲ ನನಗೆ ಸ್ನಾನ ತಪ್ಪಲಿಲ್ಲ. ಆ ಮೂರು ತಿಂಗಳು ನಾನು ನಮ್ಮ ಮನೆಗಿಂತ ಆ ಮನೆಯಲ್ಲಿ ಹೆಚ್ಚು ಸಲ ಸ್ನಾನ ಮಾಡಿದೆ ಎಂದು ನನ್ನ ಹೆಂಡತಿ ಲೆಕ್ಕ ಹೇಳುತ್ತಿದ್ದಳು.

ಮೆಟ್ಟು

ಮದ್ದು ಕುಡಿಸಲಾಗದಿದ್ದರೆ ಹೊಸ ಹುಳ ಮೈಗೆ ಹತ್ತದ ಹಾಗಾದರೂ ಮಾಡೋಣ ಎಂದುಕೊಂಡೆ. ಆ ಊರಿನವರು ಹೊರಕಡೆಗೆ ಹೋಗುತ್ತಿದ್ದದ್ದು ಕಾಲುವೆಯ ಏರಿಯ ಮೇಲೆ, ಲಂಟಾನ ಪೊದೆಯ ಮರೆಗೆ. ಆ ಕಾಲುವೆಯ ನೀರೇ ಹಿಪ್ಪುನೇರಳೆ ತೋಟಕ್ಕೆ ಹಾಯುತ್ತಿತ್ತು. ಸದಾ ನೆರಳು, ಸದಾ ತೇವ. ಕೊಕ್ಕೆಹುಳಕ್ಕೆ ಅದಕ್ಕಿಂತ ಒಳ್ಳೆಯ ಮನೆ ಬೇಡ. ದಿನಾ ಬೆಳಗ್ಗೆ ಈ ಹುಡುಗಿ ಬರಿಗಾಲಲ್ಲಿ ಆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು.

ಮೆಟ್ಟು ಹಾಕಿಕೊಳ್ಳಿ ಎಂದು ಇಡೀ ಊರಿಗೆ ಭಾಷಣ ಮಾಡಿದೆ. ಲಾರಿ ಟೈರಿನಿಂದ ಮೆಟ್ಟು ಹೊಲಿದುಕೊಡುವವರನ್ನು ಹನೂರಿನಿಂದ ಕರೆಸಿದೆ. ಆಶ್ಚರ್ಯವೆಂದರೆ ಅಜ್ಜಿಯೂ ಒಪ್ಪಿದರು. ಮೊಮ್ಮಗಳಿಗೆ ಮಾತ್ರವಲ್ಲ, ಮನೆಯವರಿಗೆಲ್ಲ ಒಂದೊಂದು ಜೊತೆ ಮಾಡಿಸಿದರು. ಟೈರಿನ ಮೆಟ್ಟಿನ ಗುರುತು ಬೀದಿಯ ಧೂಳಿನಲ್ಲೆಲ್ಲ ಕಾಣತೊಡಗಿತು. ನನಗೆ ಹೆಮ್ಮೆಯಾಯಿತು. ಮೇಲಿನವರಿಗೆ ವರದಿ ಬರೆದೆ. ಅದರಲ್ಲಿ "ಜನಜಾಗೃತಿ" ಎಂಬ ಮಾತನ್ನು ಎರಡು ಕಡೆ ಬಳಸಿದೆ.

ಒಂದು ದಿನ ಬೆಳಗ್ಗೆ ನೋಡಿ ಸಂತೋಷಪಡೋಣ ಎಂದು ತೋಟಕ್ಕೇ ಹೋದೆ. ತೋಟದ ಬಾಯಲ್ಲಿ, ಬದುವಿನ ಮೇಲೆ, ಒಂಬತ್ತು ಜೊತೆ ಮೆಟ್ಟು ಅಂದವಾಗಿ ಸಾಲಾಗಿ ಬಿಟ್ಟಿದ್ದರು. ಒಳಗೆ ಒಂಬತ್ತು ಜನ ಬರಿಗಾಲಲ್ಲಿ ಕೆಸರಿನಲ್ಲಿ ನಿಂತು ಸೊಪ್ಪು ಕೊಯ್ಯುತ್ತಿದ್ದರು.

"ಅಯ್ಯೋ, ಮೆಟ್ಟು ಹಾಕಿಕೊಳ್ಳಬೇಕಾದ್ದು ಇಲ್ಲಿ!" ಎಂದು ಕೂಗಿದೆ.

ಹುಡುಗಿ ಸೊಪ್ಪಿನ ಕಟ್ಟು ಹೊತ್ತು ಮೂರು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತ ಬಂದಳು. ತಿಳಿಯದವನಿಗೆ ಹೇಳುವ ದನಿಯಲ್ಲಿ ಹೇಳಿದಳು:

"ಇದು ಉಳ ಉಣ್ಣೋ ಸೊಪ್ಪು ಸಾ. ಅಡುಗೆಮನೆಗೆ ಯಾರಾರ ಮೆಟ್ ಮೆಟ್ಕಂಡು ಓಯ್ತಾರಾ?"

ಅಷ್ಟರಲ್ಲಿ ಅವಳ ಅಪ್ಪ ನನ್ನ ಬೂಟಿನ ಕಡೆ ನೋಡಿದರು. ಬೂಟು ಬಿಚ್ಚಿ ಬದುವಿನ ಮೇಲೆ ಹತ್ತನೇ ಜೊತೆಯಾಗಿ ಇಟ್ಟೆ.

ಹೆಗ್ಗಣದ ಕೆಲಸ

ಮಳೆಗಾಲ ಹತ್ತಿರ ಬಂದಿತ್ತು. ಒಂದು ದಿನ ಆ ಅಜ್ಜಿಯೇ ಆಳಿನ ಕೈಯಲ್ಲಿ ಹೇಳಿಕಳಿಸಿದರು, ಮದ್ದು ತರಬೇಕಂತೆ ಎಂದು. ನಾನು ಸಿರಪ್ಪಿನ ಬಾಟಲಿ ಎತ್ತಿಕೊಂಡೆ. ಆಳು, "ಅದಲ್ಲ ಸಾ, ಇಲಿ ಪಾಷಾಣ," ಎಂದ. ಹುಳದ ಮನೆಯ ಹೊರಗೋಡೆಯನ್ನು ಹೆಗ್ಗಣ ಕೊರೆಯುತ್ತಿದೆ, ಗೋಡೆ ತೂತಾದರೆ ಇರುವೆ ನುಗ್ಗಿ ಹುಳವೆಲ್ಲ ಹೋಗುತ್ತವೆ, ಪಾಷಾಣ ಕಲಸಿ ಗೋಡೆಗೇ ಮೆತ್ತಿಬಿಡಬೇಕು ಎಂದು ಅಜ್ಜಿಯ ಯೋಚನೆ. ಅದೂ ನಮ್ಮ ಇಲಾಖೆಯಲ್ಲೇ ಸಿಗುತ್ತಿತ್ತು. ಆಕೆ ನನ್ನಿಂದ ಏನೋ ಒಂದು ಮದ್ದು ಕೇಳಿದ್ದೇ ದೊಡ್ಡದು ಎಂದು ಡಬ್ಬಿ ತೆಗೆದುಕೊಂಡು ಖುಷಿಯಿಂದಲೇ ಹೋದೆ.

ಸ್ನಾನ ಮುಗಿಸಿ ಗೋಡೆ ನೋಡಿದೆ. ಹೊಸದಾಗಿ ಕೆಮ್ಮಣ್ಣು ಸಾರಿಸಿದ ಗೋಡೆ. ಹುಡುಗಿ ಕೂತು ಸೊಪ್ಪು ಹೆಚ್ಚುವ ಜಾಗದ ಪಕ್ಕದಲ್ಲೇ, ಅವಳ ಭುಜದೆತ್ತರಕ್ಕೆ, ಬಟ್ಟಲಿನಷ್ಟು ಹಳ್ಳ. ಹೆಗ್ಗಣ ನೆಲದ ಹತ್ತಿರ ಕೊರೆಯುತ್ತದೆ, ಭುಜದೆತ್ತರಕ್ಕೆ ಅಲ್ಲ. ಹಲ್ಲಿನ ಗುರುತಿರಲಿಲ್ಲ. ಉಗುರಿನ ಗೆರೆಗಳಿದ್ದವು, ಸಣ್ಣಸಣ್ಣವು.

ರಕ್ತ ಇಲ್ಲದ ಮಕ್ಕಳು ಮಣ್ಣು ತಿನ್ನುತ್ತಾರೆಂದು ನನಗೆ ಗೊತ್ತಿತ್ತು. ಅಜ್ಜಿ ಪಾಷಾಣ ಮೆತ್ತಬೇಕೆಂದಿದ್ದ ಗೋಡೆ ಅದೇ. ಡಬ್ಬಿಯನ್ನು ಅಲ್ಲೇ ಬಿಡದೆ, ಹೋಗಿ ಸೈಕಲ್ಲಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬಂದೆ. ಹುಡುಗಿಯನ್ನು ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದೆ. ಮೊದಲು ತಲೆ ತಗ್ಗಿಸಿದಳು. ಆಮೇಲೆ ಹೂಂ ಎಂದಳು.

ಅಜ್ಜಿ ಅಲ್ಲೇ ಕುಸಿದು ಕೂತರು. "ಉಳಕ್ಕೆ ಒತ್ತೊತ್ತಿಗೆ ಸೊಪ್ಪಾಕ್ದಿ, ಒಂದೊಂದು ಉಳದ ಮೊಕ ನೋಡ್ದಿ. ನನ್ ಕೂಸಿನ ಮೊಕ ನೋಡ್ನಿಲ್ವಲ್ಲ ಸಾ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮೂರು ತಿಂಗಳು ಸ್ನಾನ ಮಾಡಿಕೊಂಡು ಬರುವುದರ ಬದಲು ನಾನಾದರೂ ಇನ್ನೊಂದು ದಾರಿ ಹುಡುಕಬೇಕಿತ್ತು.

ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಹೆಡ್‌ಮೇಷ್ಟ್ರು ಗುಂಪು ನೋಡಿ ಒಳಗೆ ಬಂದರು. ಬೇರೆ ಎಲ್ಲೆಲ್ಲಿ ಮಣ್ಣು ತಿನ್ನುತ್ತಾಳೋ ತಿಳಿಯೋಣವೆಂದು ನಾನು, "ಮನೆಯಲ್ಲಿ ಮಾತ್ರವಾ ಮಗು, ಸ್ಕೂಲಿನ ಗೋಡೇನೂ ತಿಂತೀಯಾ?" ಎಂದು ಕೇಳಿದೆ.

"ಒಂದ್ಸಲ ತಿಂದಿ," ಎಂದಳು ಹುಡುಗಿ. "ಇಸ್ಕೂಲ್ದು ಸಪ್ಪೆ."

ಮೇಷ್ಟ್ರು ಅದನ್ನು ಸ್ವಲ್ಪ ಮನಸ್ಸಿಗೆ ಹಚ್ಚಿಕೊಂಡರು.

ಅಜ್ಜಿಯ ತೀರ್ಪು

ಅವತ್ತೇ ಅಜ್ಜಿ ಮೊಮ್ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹನೂರಿನ ನಮ್ಮ ಮನೆಗೆ ಬಂದರು. ಮದ್ದು ಕುಡಿದ ಮೇಲೆ ಮೂರು ದಿನ ಕೂಸು ಹುಳದ ಮನೆಯ ಹತ್ತಿರ ಸುಳಿಯಬಾರದು, ಇಲ್ಲೇ ಇರುತ್ತೇವೆ ಎಂದರು. ಒಳಮನೆಯ ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದು ಹಸಿವಿಗೆ ಬಿದ್ದಿದ್ದ ಸಮಯ. ಆ ದಿನಗಳಲ್ಲಿ ಮಳೆ ಹೊಯ್ದಂತೆ ಸದ್ದು ಮಾಡುತ್ತ ಸೊಪ್ಪು ತಿನ್ನುತ್ತವೆ; ಸಾಕುವವರು ಕಣ್ಣು ಮುಚ್ಚುವಂತಿಲ್ಲ. ಐವತ್ತು ವರ್ಷದಲ್ಲಿ ಎಂದೂ ಬಿಟ್ಟಿರದ ಅವುಗಳನ್ನು ಆಕೆ ಸೊಸೆಯ ಕೈಗೆ ಬಿಟ್ಟು ನಮ್ಮ ಜಗಲಿಯ ಮೇಲೆ ಕೂತಿದ್ದರು.

ಸಿರಪ್ಪು ಕೆಂಪಗೆ, ಸಿಹಿಯಾಗಿತ್ತು. ಹುಡುಗಿ ಕುಡಿದು ಇನ್ನೊಂದು ಚೂರು ಕೇಳಿದಳು.

ಆ ಹುಡುಗಿ ಏನಾದಳು ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕಬ್ಬಿಣದ ಮಾತ್ರೆ ತಿಂದಳು, ಆಮೇಲೆ ಕೊಕ್ಕೆಹುಳದ ಮದ್ದನ್ನೂ ಕುಡಿದಳು. ದೀಪಾವಳಿಯ ಹೊತ್ತಿಗೆ ಕೆನ್ನೆಗೆ ಬಣ್ಣ ಬಂತು. ಕ್ಲಾಸಿನಲ್ಲಿ ಪಕ್ಕದವಳ ಜೊತೆ ಒಂದೇ ಸಮನೆ ಮಾತಾಡುತ್ತಾಳೆ, ಇದಕ್ಕೇನಾದರೂ ಮದ್ದಿದೆಯೇ ಎಂದು ಹೆಡ್‌ಮೇಷ್ಟ್ರು ನನಗೆ ಚೀಟಿ ಬರೆದರು. ಆದರೆ ನಾನು ಹೇಳಹೊರಟದ್ದು ನಮ್ಮ ಮನೆಯಲ್ಲಿ ಎರಡನೇ ದಿನ ಬೆಳಗ್ಗೆ ನಡೆದದ್ದು.

ಮದ್ದು ಕೆಲಸ ಮಾಡಿತ್ತು. ನನ್ನ ಪದ್ಧತಿಯಂತೆ ಹುಳಗಳನ್ನು ತೊಳೆದು, ಬಿಳೀ ಬೋಸಿಯಲ್ಲಿ ನೀರಿನೊಳಗೆ ಹಾಕಿಟ್ಟಿದ್ದೆ. ದುಂಡುಹುಳಗಳು, ಒಂದೊಂದೂ ಗೇಣುದ್ದ, ಇನ್ನೂ ಮಿಸುಕಾಡುತ್ತಿದ್ದವು. ನನ್ನ ಹೆಂಡತಿ ನೋಡಲಾರದೆ ಪಕ್ಕದ ಮನೆಗೆ ಹೋದಳು. ಅಜ್ಜಿ, "ತೋರ್ಸಿ," ಎಂದರು.

ಬೋಸಿ ತಂದು ಮುಂದಿಟ್ಟೆ. ಹೆದರುತ್ತಾರೆ, ಅಸಹ್ಯಪಡುತ್ತಾರೆ, ಕಡೆಗೆ ನನಗೆ ಒಂದು ಒಳ್ಳೆಯ ಮಾತಾದರೂ ಹೇಳುತ್ತಾರೆ ಎಂದುಕೊಂಡಿದ್ದೆ. ಆಕೆ ಕುಕ್ಕರಗಾಲಲ್ಲಿ ಕೂತು, ಪೊರಕೆಯಿಂದ ಒಂದು ಕಡ್ಡಿ ಕಿತ್ತು, ಒಂದೊಂದನ್ನೇ ಬಿಡಿಸಿ ಪಕ್ಕಕ್ಕೆ ಸರಿಸಿ ನೋಡಿದರು. ಉದ್ದ ನೋಡಿದರು, ದಪ್ಪ ನೋಡಿದರು. ಒಂದನ್ನು ಕಡ್ಡಿಯ ಮೇಲೆ ಎತ್ತಿ ಬೆಳಕಿಗೆ ಹಿಡಿದರು.

"ಅದ್ನಾಕು," ಎಂದು ಎಣಿಕೆ ಮುಗಿಸಿದರು. ಆಮೇಲೆ, "ಎಷ್ಟ್ ದಿನದ ಉಳ ಸಾ ಇವು?"

"ವರ್ಷದ ಮೇಲೇ ಆಗಿರಬಹುದು ಅವ್ವಾ."

"ವರ್ಸ?" ಅಜ್ಜಿ ನನ್ನ ಮುಖ ನೋಡಿದರು. "ಯಾನ ತಿಂತವೆ?"

"ಮಗು ಏನು ತಿಂದರೆ ಅದು. ಮುದ್ದೆ, ಅನ್ನ, ಹಾಲು, ಬೆಲ್ಲ."

"ದಿನಕ್ಕೆ ಎಷ್ಟೊತ್ತು?"

"ಹೊತ್ತು ಅಂತ ಇಲ್ಲ. ದಿನವೆಲ್ಲ ತಿನ್ನುತ್ತವೆ."

ಅಜ್ಜಿ ಜಗಲಿಯ ಕಡೆ ತಿರುಗಿದರು. ಹುಡುಗಿ ಗೋಡೆಗೆ ಒರಗಿಕೊಂಡು ನನ್ನ ಹೆಂಡತಿ ಕೊಟ್ಟ ಎರಡನೇ ದೋಸೆ ತಿನ್ನುತ್ತಿದ್ದಳು. ಅಜ್ಜಿಯ ಕಣ್ಣು ಒದ್ದೆಯಾಯಿತು. ಮತ್ತೆ ಬೋಸಿಯ ಕಡೆ ತಿರುಗಿದಾಗ ಆ ಕಣ್ಣಲ್ಲಿ ಬೇರೇನೋ ಇತ್ತು.

"ಗೂಡು ಕಟ್ಟಕಿಲ್ವಾ?"

"ಇಲ್ಲ ಅವ್ವಾ."

"ಒಂದೂ?"

"ಒಂದೂ ಇಲ್ಲ."

ಅಜ್ಜಿ ಎದ್ದು ನಿಂತರು. ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ನಿಂತು ನೋಡುವಷ್ಟು ಗಟ್ಟಿಯಾಗಿ, ಕಡ್ಡಿಯನ್ನು ಬೋಸಿಯ ಕಡೆ ತೋರಿಸುತ್ತ ಹೇಳಿದರು:

"ನಮ್ಮುಳ ಬರೀ ಸೊಪ್ಪು ತಿಂದು ತಿಂಗ್ಳೊಳ್ಗೆ ಗೂಡು ಕಟ್ತವೆ. ಈ ಮುಂಡೇವು ವರ್ಸಗಟ್ಲೆ ನನ್ ಕೂಸಿನ ಆಲು ಅನ್ನ ತಿಂದ್ಕಂಡು ಬೆಚ್ಚಗೆ ಕೂತಿದ್ದು, ಒಂದೆಳೆ ನೂಲಾರ ಬುಡ್ನಿಲ್ವಲ್ಲ ಸಾ!"